ಪುನರ್ಮನನದಲ್ಲಿ ಮನನ ಎಲ್ಲಿದೆ?

ಫೆಬ್ರವರಿ ಬಂತೆಂದರೆ ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯ ತುಂಬ ಇದೇ ಪದ. ಬೆಳಿಗ್ಗೆ ಪುನರ್ಮನನ, ಸಂಜೆ ಪುನರ್ಮನನ. ಒಳಗೆ ಇಣುಕಿದರೆ ಮೇಷ್ಟ್ರು ನವೆಂಬರಿನ ಪಾಠವನ್ನೇ ಎರಡು ಪಟ್ಟು ವೇಗದಲ್ಲಿ ಓಡಿಸುತ್ತಿರುತ್ತಾರೆ, ಮಕ್ಕಳು ಪಾಸಿಂಗ್ ಪ್ಯಾಕೇಜಿನ ಉತ್ತರಗಳಿಗೆ ಗೆರೆ ಎಳೆಯುತ್ತಿರುತ್ತಾರೆ. ಇದಕ್ಕೆ ಮರುಪಾಠ ಅನ್ನಿ, ಪುನರಾವರ್ತನೆ ಅನ್ನಿ, ತಕರಾರಿಲ್ಲ. ಪುನರ್ಮನನ ಮಾತ್ರ ಅನ್ನಬೇಡಿ.

‘ಮನ್’ ಧಾತುವಿಗೆ ಯೋಚಿಸು ಎಂದರ್ಥ. ಮನಸ್ಸು, ಮತಿ, ಮತ, ಮಂತ್ರ ಎಲ್ಲ ಆ ಬೇರಿನವೇ. ನೆನಪಿನ ಧಾತು ಬೇರೆ, ‘ಸ್ಮೃ’. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ತನ್ನ ಹೆಂಡತಿ ಮೈತ್ರೇಯಿಗೆ ಹೇಳುವ ಕ್ರಮ ‘ಶ್ರೋತವ್ಯೋ ಮಂತವ್ಯೋ ನಿದಿಧ್ಯಾಸಿತವ್ಯಃ’. ಕೇಳುವುದು ಮೊದಲು, ಮನನ ಆಮೇಲೆ, ಧ್ಯಾನ ಕೊನೆಗೆ. ವೇದಾಂತಿಗಳಿಗೆ ಮನನವೆಂದರೆ ಕೇಳಿದ್ದನ್ನು ಯುಕ್ತಿಗೆ ಒಡ್ಡಿ ಸಂಶಯ ಕಳೆದುಕೊಳ್ಳುವುದು. ಹೇಳುವವರ ಬಾಯಿ ನಿಂತ ಮೇಲೆ ಕೇಳಿದವನು ಮಾಡಬೇಕಾದ ಕೆಲಸ ಅದು. ‘ಸರ್ ಮೂರು ಸಲ ಪುನರ್ಮನನ ಮಾಡಿದರು’ ಅನ್ನುವುದು, ಸರ್ ಮೂರು ಸಲ ಉಂಡರು, ನನ್ನ ಹೊಟ್ಟೆ ತುಂಬಿತು ಅಂದ ಹಾಗೆ.

ಪದ್ಯ ಒಪ್ಪಿಸಲು ‘ಮನನ ಮಾಡಿಕೊಂಡು ಬಾ’ ಎನ್ನುವುದೂ ಇದೇ ಗೊಂದಲದ ಮರಿ. ಅದಕ್ಕೆ ಬಾಯಿಪಾಠ ಎಂಬ ಒಳ್ಳೆಯ ಪದವಿದೆ. ಬಾಯಿಪಾಠ ಕೆಟ್ಟದ್ದೇನಲ್ಲ, ಮಗ್ಗಿಗೆ ಅದೇ ಬೇಕು.

ಬರೀ ನೆನಪಿನ ಲೆಕ್ಕದಲ್ಲೂ ಮರುಪಾಠ ಸೋಲುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಗದ್ಯಭಾಗವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಸಲ ನೋಡದೆ ಬರೆಯಿತು. 5 ನಿಮಿಷದ ಬಳಿಕ ಓದಿದವರಿಗೆ 83%, ಬರೆದವರಿಗೆ 71% ನೆನಪಿತ್ತು. ವಾರದ ಬಳಿಕ ಲೆಕ್ಕ ತಲೆಕೆಳಗಾಗಿ 40% ಮತ್ತು 61%. ಪೀರಿಯಡ್ ಮುಗಿಯುವ ಹೊತ್ತಿಗೇ ಪ್ರಶ್ನೆ ಕೇಳಿ ನೋಡುವ ಮೇಷ್ಟ್ರಿಗೆ ಮರುಪಾಠ ಗೆದ್ದಂತೆ ಕಾಣುವುದು ಇದಕ್ಕೇ.

40 ನಿಮಿಷದ ಪೀರಿಯಡ್‌ನಲ್ಲಿ ಕೊನೆಯ 10 ನಿಮಿಷ ತೆಗೆದಿಡಿ. ಪುಸ್ತಕ ಮುಚ್ಚಿಸಿ, ಬೋರ್ಡ್ ಒರೆಸಿ (ಇದನ್ನೇ ಮರೆಯುತ್ತಾರೆ). 5 ನಿಮಿಷ ನೆನಪಿದ್ದಷ್ಟು ಬರೆಯಲಿ. 3 ನಿಮಿಷ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಲಿ. ಇಷ್ಟಾದರೂ ಬರೀ ಸ್ಮರಣೆಯೇ. ಉಳಿದ 2 ನಿಮಿಷಕ್ಕೆ ಒಂದು ‘ಏಕೆ’ ಬೇಕು: ಪತ್ರಹರಿತ್ತು ಇದ್ದೂ ಕತ್ತಲಲ್ಲಿಟ್ಟ ಗಿಡದ ಎಲೆಗೆ ಅಯೋಡಿನ್ ಹಾಕಿದರೆ ನೀಲಿ-ಕಪ್ಪಾಗುವುದಿಲ್ಲ, ಏಕೆ? ಮನನ ಶುರುವಾಗುವುದು ಇಲ್ಲಿ. ಎರಡು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ಅದೇ ಪಾಠಕ್ಕೆ ಮತ್ತೆ ಖಾಲಿ ಹಾಳೆ.

ಮೊದಲ ಸಲ ಮೂರೇ ಸಾಲು ಬರುತ್ತದೆ. ಅದಕ್ಕೆ ಗಾಬರಿಯಾಗಿ ನೋಟ್ಸ್ ಬರೆಸಲು ಕೂತರೆ ಕೆಲಸ ಕೆಟ್ಟಿತು. ‘ದ್ಯುತಿಸಂ…’ ಎಂದು ರಾಗ ಎಳೆದು ಇಡೀ ತರಗತಿಯಿಂದ ‘…ಶ್ಲೇಷಣೆ’ ಹೇಳಿಸುವುದೂ ಲೆಕ್ಕಕ್ಕಿಲ್ಲ. ಮುಂದಿನ ಬೆಂಚಿನ ನಾಲ್ವರು ಹೇಳುತ್ತಾರೆ, ಉಳಿದವರು ಬಾಯಿ ಆಡಿಸುತ್ತಾರೆ. ಆ ಹಾಳೆಗೆ ಅಂಕವಂತೂ ಕೊಡಲೇಬೇಡಿ. ಕೊಟ್ಟ ದಿನದಿಂದ ಎಲ್ಲರ ಕಣ್ಣೂ ಪಕ್ಕದವನ ಹಾಳೆಯ ಮೇಲೆ.