ಹಾರಿಸುವ ಮೊದಲು ಹದ ಮಾಡಿ

ರಿಮೋಟ್ ವಿಮಾನದ ಸ್ಟಿಕ್‌ನಿಂದ ಒಂದು ಕ್ಷಣ ಕೈ ತೆಗೆದರೂ ಅದು ತೇಲಿಕೊಂಡು ಹೋಗುತ್ತದೆ. ರಿಮೋಟ್ ಹೆಲಿಕಾಪ್ಟರ್ ಹಾಗಲ್ಲ. ಗಾಳಿಯಲ್ಲಿ ನಿಂತಿರುವಾಗ ಸ್ವಲ್ಪ ವಾಲಿದರೂ ತಾನಾಗಿ ನೆಟ್ಟಗಾಗುವುದಿಲ್ಲ, ವಾಲಿದ ಕಡೆಗೇ ಜಾರುತ್ತದೆ. ಜೋಡಿಸುವಾಗ ಉಳಿದ ಪ್ರತಿ ಸಣ್ಣ ಓರೆಯನ್ನೂ ಮೈದಾನದಲ್ಲಿ ನಿಮ್ಮ ಬೆರಳುಗಳೇ ಸರಿಪಡಿಸುತ್ತಿರಬೇಕು. ಹೊಸಬರಿಗೆ ಅದು ಆಗದ ಕೆಲಸ. ಅದಕ್ಕೇ ಹೇಳುವುದು, ಮೊದಲು ಮೈದಾನ ಮರೆತು ಮೇಜಿನ ಮುಂದೆ ಕೂರಿ.

ಬ್ಯಾಟರಿ ಹಾಕುವ ಮುಂಚೆ ಮೋಟಾರಿನ ಮೂರು ವೈರ್ ಬಿಚ್ಚಿಡಿ. 450 ಸೈಜಿನ ಹೆಲಿಕಾಪ್ಟರಿನ ರೋಟರ್, ಅಂದರೆ ಮೇಲೆ ತಿರುಗುವ ರೆಕ್ಕೆಜೋಡಿ, ಸುಮಾರು 70 ಸೆಂಟಿಮೀಟರ್ ಅಗಲ. ನಿಮಿಷಕ್ಕೆ 2500 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 330 ಕಿಲೋಮೀಟರ್! ಮನೆಯೊಳಗೆ ಇದರ ಜೊತೆ ಆಟ ಬೇಡ.

ರೋಟರಿನ ಕೆಳಗೆ, ಶಾಫ್ಟ್ ಸುತ್ತ ಇರುವ ತಟ್ಟೆಯೇ ಸ್ವಾಶ್‌ಪ್ಲೇಟ್. ಮೂರು ಸರ್ವೋ, ಅಂದರೆ ರಿಮೋಟ್ ಹೇಳಿದಷ್ಟೇ ತೋಳು ತಿರುಗಿಸುವ ಪುಟ್ಟ ಮೋಟಾರುಗಳು, ಅದನ್ನು ಮೂರು ಕಡೆಯಿಂದ ಹಿಡಿದಿರುತ್ತವೆ. ಮೂರೂ ಒಟ್ಟಿಗೆ ಎತ್ತಿದರೆ ಎರಡೂ ರೆಕ್ಕೆಗಳ ಕೋನ ಜಾಸ್ತಿಯಾಗಿ ಹೆಲಿಕಾಪ್ಟರ್ ಮೇಲೇಳುತ್ತದೆ. ತಟ್ಟೆ ಓರೆಯಾದರೆ ಸುತ್ತಿನ ಒಂದು ಕಡೆ ಕೋನ ಜಾಸ್ತಿ, ಎದುರು ಕಡೆ ಕಡಿಮೆ. ಇಲ್ಲೊಂದು ಸೊಗಸಾದ ಸಂಗತಿಯಿದೆ. ಕೋನ ಹೆಚ್ಚಿದ ಜಾಗದಲ್ಲೇ ರೆಕ್ಕೆ ಮೇಲೇಳುವುದಿಲ್ಲ, ಹೆಚ್ಚುಕಡಿಮೆ ಕಾಲು ಸುತ್ತು ದಾಟಿದ ಮೇಲೆ ಏಳುತ್ತದೆ. ತಿರುಗುವ ವಸ್ತುವಿನ ಗುಣವೇ ಅದು. ರೋಟರ್ ತಲೆಯ ಜೋಡಣೆಯಲ್ಲೇ ಆ ಲೆಕ್ಕ ಸೇರಿರುತ್ತದೆ.

ಸ್ಟಿಕ್ ಅರ್ಧದಲ್ಲಿದ್ದಾಗ ಸರ್ವೋ ತೋಳುಗಳು ತಟ್ಟೆಗೆ ಹೋಗುವ ಲಿಂಕ್ ಕಡ್ಡಿಗಳಿಗೆ ಲಂಬಕೋನದಲ್ಲಿರಬೇಕು, ತಟ್ಟೆ ಶಾಫ್ಟಿಗೆ ಲಂಬವಾಗಿರಬೇಕು, ರೆಕ್ಕೆಯ ಕೋನ ಸೊನ್ನೆ ಇರಬೇಕು. ವ್ಯತ್ಯಾಸವಿದ್ದರೆ ರಿಮೋಟ್‌ನ ಟ್ರಿಮ್ (ಸಣ್ಣ ತಿದ್ದುಪಡಿಯ ಗುಂಡಿ) ಮುಟ್ಟಬೇಡಿ, ಲಿಂಕ್ ಕಡ್ಡಿಯನ್ನೇ ಒಂದೊಂದು ಸುತ್ತು ತಿರುಗಿಸಿ. ಆಮೇಲೆ ರಿಮೋಟ್‌ನಲ್ಲಿ ಪಿಚ್ ಕರ್ವ್, ಅಂದರೆ ಸ್ಟಿಕ್ ಎಲ್ಲಿದ್ದರೆ ರೆಕ್ಕೆಯ ಕೋನ ಎಷ್ಟಿರಬೇಕು ಎಂಬ ಲೆಕ್ಕ. ಗಾಳಿಯಲ್ಲಿ ನಿಲ್ಲಲು 5-6 ಡಿಗ್ರಿ, ಕೆಳಗಿನ ತುದಿಗೆ ಮೈನಸ್ 2 ಸಾಕು. ತಲೆಕೆಳಗಾಗಿ ಹಾರಿಸುವವರು ಇಡುವ ಮೈನಸ್ 10 ನಿಮಗೆ ಈಗ ಬೇಡ.

ಕೈಪಿಡಿಯ ಅಂಕಿಗಳು ನಮ್ಮೂರಿನ ಗಾಳಿಗೆ ಹಾಗೇ ಹೊಂದಬೇಕೆಂದೇನಿಲ್ಲ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಸ್ವಲ್ಪ ಕೆಳಗೆ. ಸಮುದ್ರ ಮಟ್ಟದ 15 ಡಿಗ್ರಿ ಸೆಲ್ಸಿಯಸ್ ಗಾಳಿಗೆ ಹೋಲಿಸಿದರೆ, ಇಲ್ಲಿ 20 ಡಿಗ್ರಿಯ ಬೆಳಗ್ಗೆ ಗಾಳಿ ಶೇ 10ರಷ್ಟು ತೆಳು. ಏಪ್ರಿಲ್‌ನ 35 ಡಿಗ್ರಿ ಬಿಸಿಲಲ್ಲಿ ಶೇ 15ರಷ್ಟು. ಗಾಳಿ ತೆಳುವಾದಷ್ಟೂ ಎತ್ತುವ ಬಲ ಕಡಿಮೆ. ಬೆಳಗ್ಗೆ ಆರಾಮಾಗಿ ನಿಂತ ಹೆಲಿಕಾಪ್ಟರ್ ಮಧ್ಯಾಹ್ನ ಅದೇ ಸ್ಟಿಕ್‌ಗೆ ಕುಸಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಎತ್ತುವ ಬಲ ಸುತ್ತಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ವೇಗ ಶೇ 3 ಹೆಚ್ಚಿಸಿದರೂ ಸಾಕಷ್ಟು ಸರಿಹೋಗುತ್ತದೆ.

ಇನ್ನು ಜೈರೋ, ಅಂದರೆ ಬಾಲ ತಾನಾಗಿ ತಿರುಗದಂತೆ ತಡೆಯುವ ಸಾಧನ. ರಿಮೋಟ್‌ನಲ್ಲಿ ಬಲಕ್ಕೆ ತಿರುಗಲು ಹೇಳಿ, ಬಾಲದ ರೋಟರಿನ ಕೋನ ಬದಲಿಸುವ ಸ್ಲೈಡರ್ ಯಾವ ಕಡೆ ಸರಿಯಿತು ನೋಡಿ. ಈಗ ಸ್ಟಿಕ್ ಬಿಟ್ಟು, ಹೆಲಿಕಾಪ್ಟರಿನ ಮೂತಿಯನ್ನು ಕೈಯಿಂದ ಚಕ್ಕನೆ ಎಡಕ್ಕೆ ತಿರುಗಿಸಿ. ಸ್ಲೈಡರ್ ಮತ್ತೆ ಅದೇ ಕಡೆಗೆ ಸರಿಯಬೇಕು. ಉಲ್ಟಾ ಸರಿದರೆ ಜೈರೋ ರಿವರ್ಸ್ ಮಾಡಿ. ಇದನ್ನು ನೋಡದೆ ಹಾರಿಸಿದರೆ ನೆಲ ಬಿಟ್ಟ ತಕ್ಷಣ ಬುಗುರಿಯಂತೆ ಸುತ್ತುತ್ತದೆ.

ಜಾಗ ಮಂಡಕಳ್ಳಿ ವಿಮಾನ ನಿಲ್ದಾಣದಿಂದ, ಜನರಿಂದ ದೂರವಿರಲಿ. ಕೊಯ್ಲಾದ ಭತ್ತದ ಗದ್ದೆ ವಿಶಾಲವಾಗಿ ಕಂಡರೂ ನನಗೆ ಸರಿಯೆನಿಸುವುದಿಲ್ಲ. ಏಳುವಾಗ ಒಂದು ಕಾಲು ಕೂಳೆಗೆ ಸಿಕ್ಕಿಕೊಂಡರೆ ಆ ಕಾಲೇ ತಿರುಗಣೆಯಾಗಿ, ರೋಟರಿನ ಬಲವೇ ಹೆಲಿಕಾಪ್ಟರನ್ನು ಮಗುಚಿ ಹಾಕುತ್ತದೆ. ದೊಡ್ಡ ಹೆಲಿಕಾಪ್ಟರುಗಳೂ ಹೀಗೆ ಮಗುಚಿವೆ. ಸಣ್ಣ ಹುಲ್ಲಿನ ಮೈದಾನ, ಗಾಳಿ ಏಳದ ಬೆಳಗಿನ ಹೊತ್ತು ಒಳ್ಳೆಯದು. ಅಗಲವಾದ ತರಬೇತಿ ಕಾಲು ಕಟ್ಟಿ. ಬಾಲ ನಿಮ್ಮ ಕಡೆಗಿರಲಿ, ಆಗ ಎಡ ಎಡವೇ, ಬಲ ಬಲವೇ.

ಇಷ್ಟೆಲ್ಲ ಮಟ್ಟ ಮಾಡಿದ ಮೇಲೂ, ಎದ್ದು ನಿಂತ ಹೆಲಿಕಾಪ್ಟರ್ ಒಂದು ಕಡೆ ಚೂರು ವಾಲಿಕೊಂಡೇ ಇರುತ್ತದೆ. ಗಾಬರಿ ಬೇಡ. ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ತಿರುಗುವ ರೋಟರ್ ಇದ್ದರೆ, ಬಾಲದ ರೋಟರ್ ಇಡೀ ಹೆಲಿಕಾಪ್ಟರನ್ನು ಎಡಕ್ಕೆ ತಳ್ಳುತ್ತಿರುತ್ತದೆ. ಅದನ್ನು ತಡೆಯಲು ಬಲಕ್ಕೆ ಸ್ವಲ್ಪ ವಾಲಲೇಬೇಕು. ಈ ಒಂದು ವಾಲಿಕೆಯನ್ನು ಮೇಜಿನ ಮೇಲೆ ಸರಿಮಾಡಲು ಹೋಗಬೇಡಿ.