ಆ ಘಮ ಹಾವಿಗಲ್ಲ

ನಮ್ಮ ಕಾಂಪೌಂಡಿನ ರಂಗೂನ್ ಮಲ್ಲಿಗೆಯನ್ನು ಬುಡಸಮೇತ ಕಡಿಸಿ ಅಂತ ಕಳೆದ ಮಳೆಗಾಲದಲ್ಲಿ ಮೂವರು ಹೇಳಿದರು. ಮೂವರದ್ದೂ ಒಂದೇ ಕಾರಣ: ಘಮಕ್ಕೆ ಹಾವು ಬರುತ್ತೆ. ಜಾಜಿ, ಕೇದಿಗೆ, ರಾತ್ರಿರಾಣಿ ಎಲ್ಲದರ ಮೇಲೂ ಇದೇ ದೂರು. ಈ ಭಯಕ್ಕೆ ಎಷ್ಟು ಒಳ್ಳೆಯ ಬಳ್ಳಿಗಳು ಹೋದವೋ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಹೂವಿನಲ್ಲಿ ಹಾವಿಗೆ ತಿನ್ನಲು ಏನೂ ಇಲ್ಲ. ಅದು ನಾಲಿಗೆ ಚಾಚಿ ವಾಸನೆಯ ಕಣ ಎತ್ತಿಕೊಂಡು ಬಾಯಿಯ ಮೇಲ್ಭಾಗದಲ್ಲಿರುವ ಅಂಗಕ್ಕೆ ಮುಟ್ಟಿಸುತ್ತದೆ. ಹುಡುಕುವುದು ಇಲಿ, ಕಪ್ಪೆ, ಹಲ್ಲಿಯನ್ನು. ಬಳ್ಳಿಯ ಬುಡದಲ್ಲಿ ತರಗೆಲೆ, ಒಡೆದ ಹೆಂಚು, ಹಳೇ ಕುಂಡ ರಾಶಿ ಬಿದ್ದಿದ್ದರೆ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು. ಬಳ್ಳಿಯನ್ನು ತಂತಿಗೋ ಚಪ್ಪರಕ್ಕೋ ಹಬ್ಬಿಸಿ, ಬುಡದಿಂದ ಎರಡು ಅಡಿ ಸೊಪ್ಪು ಸವರಿ, ನೆಲ ಗುಡಿಸಿಡಿ. ಕಡಿಯಬೇಕಿಲ್ಲ.

ಹಾಗಾದರೆ ಘಮ ಯಾರಿಗೆ? ಪತಂಗಕ್ಕೆ! ಸಂಜೆ ಬೋಂಡಾ ಅಂಗಡಿಯವರು ಗಿರಾಕಿ ಬರುವ ಹೊತ್ತಿಗೇ ಬಾಣಲೆ ಇಡುತ್ತಾರೆ, ಅಲ್ವಾ? ಈ ಹೂವೂ ಹಾಗೇ. ಅತ್ತರಿನ ಬಾಟಲಿಯ ಹಾಗೆ ಘಮವನ್ನು ತುಂಬಿಟ್ಟುಕೊಂಡಿರುವುದಿಲ್ಲ, ಬೇಕಾದ ಹೊತ್ತಿಗೆ ಹೊಸದಾಗಿ ತಯಾರಿಸುತ್ತದೆ. ಮಲ್ಲಿಗೆಯಲ್ಲಂತೂ ಇದು ಕಣ್ಣೆದುರೇ ಕಾಣುತ್ತದೆ. ಬೆಳಿಗ್ಗೆ ಕಿತ್ತ ಮೊಗ್ಗು ಸಂಜೆ ಮುಡಿಯಲ್ಲಿ ಅರಳಿ ಘಮ್ ಅನ್ನುತ್ತದೆ. ಗಿಡ ಬಿಟ್ಟು ಬಂದರೂ ಅದರ ಅಡುಗೆಮನೆಯ ಒಲೆ ಆರಿರುವುದಿಲ್ಲ.

ಅಂದ ಹಾಗೆ, ರಂಗೂನ್ ಮಲ್ಲಿಗೆ ನಿಜವಾದ ಮಲ್ಲಿಗೆಯಲ್ಲ. ಮತ್ತಿ, ತಾರೆ, ಅಳಲೆ ಮರಗಳ ನೆಂಟ. 17ನೇ ಶತಮಾನದಲ್ಲಿ ಇಂಡೊನೇಷ್ಯಾದ ಅಂಬಾನ್ ದ್ವೀಪದಲ್ಲಿ ಡಚ್ಚರ ಕಂಪನಿಯ ಕೆಲಸದಲ್ಲಿದ್ದ ಸಸ್ಯತಜ್ಞ ರಂಫಿಯಸ್ ಇದರ ಬಗ್ಗೆ ಬರೆದ. ಮಲಯ ಭಾಷೆಯ ‘ಉದಾನಿ’ ಅನ್ನುವ ಹೆಸರು ಡಚ್ ಭಾಷೆಯ ‘ಎಂಥದ್ದು’ ಅನ್ನುವ ಪದದ ಹಾಗೆ ಕೇಳಿಸುತ್ತದೆ. ಅದನ್ನೇ ಲ್ಯಾಟಿನ್‌ಗೆ ತಿರುಗಿಸಿ ‘ಕ್ವಿಸ್ಕ್ವಾಲಿಸ್’ ಅಂದ: ಯಾರು? ಎಂಥದ್ದು? ಆತ 1670ರಲ್ಲಿ ಕಣ್ಣು ಕಳೆದುಕೊಂಡರೂ ಗಿಡಗಳ ಕೆಲಸ ಬಿಡಲಿಲ್ಲ. ಆ ಮನುಷ್ಯನನ್ನು ನೆನೆಯದೆ ಈ ಬಳ್ಳಿಗೆ ನೀರು ಹಾಕಲು ನನಗಾಗುವುದಿಲ್ಲ.

ಆ ಪ್ರಶ್ನೆ ಹೂವಿಗೂ ಒಪ್ಪುತ್ತದೆ. ಸಂಜೆ ಅರಳುವಾಗ ಬಿಳಿ, ಮರುದಿನ ಗುಲಾಬಿ, ಆಮೇಲೆ ಕೆಂಪು. ಕತ್ತಲಲ್ಲಿ ಬಿಳಿ ಕಾಣುತ್ತದೆ, ಘಮ ದಾರಿ ತೋರಿಸುತ್ತದೆ. ಮಕರಂದವೋ, ಬೆರಳುದ್ದದ ಸಣ್ಣ ಕೊಳವೆಯ ತಳದಲ್ಲಿ. ಎಳನೀರಿಗೆ ಸ್ಟ್ರಾ ಹಾಕಿದ ಹಾಗೆ ಉದ್ದ ಸೊಂಡಿಲು ಇಳಿಸಬಲ್ಲವರಿಗೆ ಮಾತ್ರ ಅದು ಎಟಕುತ್ತದೆ. ಹಗಲಲ್ಲಿ ಬಣ್ಣ ನೋಡಿ ಜೇನುಹುಳು, ಚಿಟ್ಟೆ ಬರುತ್ತವೆ.

ಮೊನ್ನೆ ಏಳು ಗಂಟೆಗೆ ಬಳ್ಳಿಯ ಹತ್ತಿರ ಸುಮ್ನೆ ನಿಂತಿದ್ದೆ. ಕಿವಿಯ ಪಕ್ಕ ಗುರ್ ಅಂತ ಸದ್ದು. ಹೆಬ್ಬೆರಳು ಗಾತ್ರದ ಪತಂಗವೊಂದು ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು ಸೊಂಡಿಲು ಇಳಿಸಿತು. ಒಂದು, ಎರಡು, ಮೂರು ಹೂವು. ಎಲ್ಲವೂ ಅಂದು ಅರಳಿದ ಬಿಳಿ ಹೂಗಳೇ. ಪಕ್ಕದ ಕೆಂಪು ಗೊಂಚಲಿನ ಕಡೆ ಅದು ತಿರುಗಿಯೂ ನೋಡಲಿಲ್ಲ.