ಕೋಣೆಗೆ ಮೊದಲು ಹವಳದ ದಂಡೆ: ಮಾಲ್ಡೀವ್ಸ್‌ಗೆ ಹೊರಟ ಡೈವರ್‌ಗಳಿಗೆ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮೊದಲ ಬಾರಿಗೆ ಸಮುದ್ರದೊಳಗೆ ಉಸಿರಾಡಿ ಬಂದವರಲ್ಲಿ ಕೆಲವರಿಗೆ ಆ ಒಂದು ದಿನ ಸಾಲುವುದಿಲ್ಲ. ಅವರು ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸುತ್ತಾರೆ, ರಜೆ ಸಿಕ್ಕಾಗಲೆಲ್ಲ ಮುರುಡೇಶ್ವರಕ್ಕೆ ಬರುತ್ತಾರೆ. ನಾಲ್ಕಾರು ವರ್ಷ ಕಳೆದ ಮೇಲೆ, ಕೈಯಲ್ಲಿ ಒಂದಿಷ್ಟು ಹಣ ಕೂಡಿದಾಗ, ಒಳ್ಳೆಯ ಡೈವಿಂಗ್ ಮತ್ತು ಐಷಾರಾಮಿ ವಾಸ ಎರಡೂ ಒಂದೇ ಪ್ರವಾಸದಲ್ಲಿ ದಕ್ಕಬೇಕೆಂಬ ಆಸೆಯಿಂದ ಮಾಲ್ಡೀವ್ಸ್ ಬಗ್ಗೆ ನನ್ನನ್ನು ವಿಚಾರಿಸುತ್ತಾರೆ. ಡೈವಿಂಗ್ ಕಲಿಸುವವನಾಗಿ ಈ ಆಸೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನದಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣವಷ್ಟೇ.

ಹೋದ ವರ್ಷ ಹೀಗೆ ಬಂದ ದಂಪತಿ ಮೊಬೈಲಿನಲ್ಲಿ ಒಂದು ರೆಸಾರ್ಟಿನ ಚಿತ್ರ ತೋರಿಸಿದರು. ಸಮುದ್ರದಲ್ಲಿ ಕಂಬ ನೆಟ್ಟು ಕಟ್ಟಿದ ವಿಲ್ಲಾ, ಅದರ ಸುತ್ತ ಹಾಲು ಬೆರೆಸಿದಂಥ ತಿಳಿನೀಲಿ ನೀರು. “ಸರ್, ಮೆಟ್ಟಿಲಿಳಿದರೆ ಅಲ್ಲೇ ಡೈವಿಂಗ್ ಮಾಡಬಹುದಲ್ಲವೇ?” ಎಂದು ಆಕೆ ಕೇಳಿದರು. ಅದೇ ದ್ವೀಪವನ್ನು ಉಪಗ್ರಹ ನಕ್ಷೆಯಲ್ಲಿ ತೆರೆದು, ವಿಲ್ಲಾಗಳ ಸಾಲಿನಿಂದ ಬೆರಳಿಟ್ಟು ಹೊರಗಡೆಗೆ ಎಳೆಯುತ್ತಾ ಹೋಗಲು ಹೇಳಿದೆ. ತಿಳಿನೀಲಿ ಮುಗಿದು ಕಡುನೀಲಿ ಶುರುವಾಗುವ ಗೆರೆ ಸಿಕ್ಕಿದ್ದು ಏಳುನೂರು ಮೀಟರಿನಾಚೆ.

ಆ ತಿಳಿನೀಲಿ ಬಣ್ಣ ಬರುವುದು ಬಿಳಿ ಮರಳಿನಿಂದ. ಎದೆಯುದ್ದದ ನೀರಿನ ಕೆಳಗೆ ಮರಳು ಹಾಸಿರುವಲ್ಲಿ ಬೆಳಕು ಹಿಂದಕ್ಕೆ ಚೆಲ್ಲಿ, ಚಿತ್ರಕ್ಕೆ ಅಷ್ಟೊಂದು ಕಾಂತಿ ಬರುತ್ತದೆ. ಆದರೆ ಹವಳ ನೆಲೆಯೂರುವುದಕ್ಕೆ ಗಟ್ಟಿ ತಳ ಬೇಕು, ಅಲುಗುವ ಮರಳಿನ ಮೇಲೆ ಅದು ನಿಲ್ಲಲಾರದು. ಮೀನು, ಕಡಲಾಮೆ, ಅಷ್ಟಪದಿಗಳೆಲ್ಲ ಇರುವುದು ದ್ವೀಪದ ತಳಹದಿ ಆಳಕ್ಕೆ ಇಳಿಯತೊಡಗುವ ಅಂಚಿನಲ್ಲಿ, ಅಂದರೆ ಆ ಕಡುನೀಲಿ ಗೆರೆಯಲ್ಲಿ. ಈ ಅಂಚು ದಡದಿಂದ ಐವತ್ತು ಮೀಟರಿನೊಳಗೆ ಇದ್ದರೆ ಅದನ್ನು ಒಳ್ಳೆಯ ಹೌಸ್ ರೀಫ್, ಅಂದರೆ ರೆಸಾರ್ಟಿನ ದಡದಿಂದಲೇ ಈಜಿ ಮುಟ್ಟಬಹುದಾದ ಹವಳದ ದಂಡೆ, ಎನ್ನಬಹುದು. ಲಗೂನು, ಅಂದರೆ ದಡಕ್ಕೂ ಈ ಅಂಚಿಗೂ ನಡುವಿನ ಆಳವಿಲ್ಲದ ನೀರು, ವಿಶಾಲವಾದಷ್ಟೂ ನೀರಿನ ಮೇಲೆ ವಿಲ್ಲಾ ಕಟ್ಟುವುದು ಸುಲಭವಾದ್ದರಿಂದ, ಅತ್ಯಂತ ಸುಂದರವಾಗಿ ಕಾಣುವ ಎಷ್ಟೋ ರೆಸಾರ್ಟ್‌ಗಳು ಡೈವರ್‌ನ ಪಾಲಿಗೆ ಅತ್ಯಂತ ಬಡವಾಗಿರುತ್ತವೆ. ಆದ್ದರಿಂದ ಮೊದಲು ಹವಳದ ದಂಡೆಯನ್ನು ಆರಿಸಿ, ಆಮೇಲೆ ಆ ದಂಡೆಯ ಪಕ್ಕದಲ್ಲಿರುವ ಕೋಣೆಗಳಲ್ಲಿ ನಿಮಗೆ ಒಪ್ಪುವುದನ್ನು ಆರಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಉತ್ತರ ಮಾಲೆ ಎಂಬ ಉಂಗುರಾಕಾರದ ದ್ವೀಪಸಾಲಿನ, ಅಂದರೆ ಅಟಾಲ್‌ನ ಬಾರೋಸ್, ದಕ್ಷಿಣ ಆರಿ ಅಟಾಲ್‌ನ ಮಿರಿಹಿ ಇಂಥ ಪುಟ್ಟ ದ್ವೀಪಗಳು. ಅಲ್ಲಿ ಸುಖವಾಸಕ್ಕೂ ಕೊರತೆಯಿಲ್ಲ, ದಂಡೆಯೂ ಹತ್ತಿರ. ಹೌಸ್ ರೀಫ್‌ನ ನಿಜವಾದ ಬೆಲೆ ತಿಳಿಯುವುದು ಸಂಜೆ. ದಿನದ ದೋಣಿಗಳೆಲ್ಲ ಮರಳಿದ ಮೇಲೆ ಸಂಗಾತಿಯೊಬ್ಬರ ಜೊತೆಗೆ ಮೆಲ್ಲಗೆ ಇಳಿದು, ಎಂಟು ಮೀಟರ್ ಆಳದಲ್ಲಿ ಟಾರ್ಚ್ ಹಿಡಿದು ನಿಂತರೆ, ಹಗಲಿನ ಗಿಣಿಮೀನುಗಳು ಒಂದೊಂದಾಗಿ ಬಿರುಕುಗಳಲ್ಲಿ ಸೇರಿಕೊಳ್ಳುತ್ತವೆ, ಅದೇ ಬಿರುಕುಗಳಿಂದ ಸಿಂಹಮೀನುಗಳು ರೆಕ್ಕೆ ಬಿಚ್ಚಿ ಹೊರಬರುತ್ತವೆ. ಗಿಣಿಮೀನುಗಳಲ್ಲಿ ಕೆಲವು ಜಾತಿಯವು ನಿದ್ದೆಗೆ ಮೊದಲು ಬಾಯಿಂದ ಲೋಳೆ ಸುರಿಸಿ ಮೈಸುತ್ತ ತೆಳುವಾದ ಪರದೆ ಕಟ್ಟಿಕೊಳ್ಳುತ್ತವೆ. ಟಾರ್ಚಿನ ಬೆಳಕನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಆ ಪರದೆಯ ಮೇಲೆ ಅಂಟಿದ ಮರಳಿನ ಕಣವೂ ಕಾಣುತ್ತದೆ. ಇಷ್ಟನ್ನೂ ನೋಡಿ ಮೇಲೆ ಬಂದು, ಮೈತೊಳೆದು, ಹತ್ತೇ ನಿಮಿಷದಲ್ಲಿ ಊಟಕ್ಕೆ ಕುಳಿತುಕೊಳ್ಳಬಹುದು. ದುಬಾರಿ ಕೋಣೆಗೆ ಕೊಟ್ಟ ಹಣ ನನ್ನ ದೃಷ್ಟಿಯಲ್ಲಿ ಸಾರ್ಥಕವಾಗುವುದು ಇಂಥ ಸಂಜೆಯಲ್ಲಿ.

ಒಂದು ಮಾತನ್ನು ಮುಚ್ಚಿಡಬಾರದು. 1998 ಮತ್ತು 2016ರಲ್ಲಿ ಸಮುದ್ರ ಬಿಸಿಯೇರಿ ಹವಳ ಬಿಳಿಚಿಕೊಂಡಾಗ ಮಾಲ್ಡೀವ್ಸ್‌ನ ಆಳವಿಲ್ಲದ ದಂಡೆಗಳು ಬಹಳ ನಷ್ಟ ಅನುಭವಿಸಿವೆ. ಹಳೆಯ ಚಿತ್ರಗಳಲ್ಲಿರುವ ಕವಲು ಹವಳದ ತೋಟವನ್ನು ಎಲ್ಲ ಕಡೆಯೂ ನಿರೀಕ್ಷಿಸಬೇಡಿ. ಮೀನಿನ ಸಮೃದ್ಧಿ ಮಾತ್ರ ಈಗಲೂ ಬೆರಗು ಹುಟ್ಟಿಸುವಷ್ಟಿದೆ. 2010ರಲ್ಲಿ ಅಲ್ಲಿ ಶಾರ್ಕ್ ಬೇಟೆಯನ್ನೇ ನಿಷೇಧಿಸಿದರು.

ಇನ್ನು ತಿಂಗಳು. ಪ್ರವಾಸದ ಏಜೆಂಟರು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲವನ್ನು ಒಳ್ಳೆಯ ಕಾಲವೆಂದೂ ಉಳಿದದ್ದನ್ನು ಮಳೆಗಾಲವೆಂದೂ ವಿಂಗಡಿಸುತ್ತಾರೆ. ಡೈವರ್‌ಗೆ ಅಷ್ಟು ವಿಂಗಡಣೆ ಸಾಲದು. ಅಟಾಲ್ ಎಂದರೆ ಉಂಗುರದ ಆಕಾರದ ದಂಡೆ. ಈ ಪದವನ್ನು ಜಗತ್ತಿಗೆ ಕೊಟ್ಟದ್ದೇ ಅಲ್ಲಿನ ದಿವೇಹಿ ಭಾಷೆ. ಉಂಗುರದಲ್ಲಿ ಅಲ್ಲಲ್ಲಿ ಇರುವ ಕಾಲುವೆಯಂಥ ಬಾಗಿಲುಗಳಿಗೆ ಕಂಡು ಎನ್ನುತ್ತಾರೆ, ಒಳಗೆ ನೀರಿನಡಿಯಲ್ಲೇ ಉಳಿದ ದಿಬ್ಬಗಳಿಗೆ ತಿಲ ಎನ್ನುತ್ತಾರೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ, ಅಂದರೆ ಏಜೆಂಟರ ಒಳ್ಳೆಯ ಕಾಲದಲ್ಲಿ, ಪ್ರವಾಹ ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವುದರಿಂದ, ಹೊರಸಮುದ್ರದ ನಿರ್ಮಲ ನೀರು ಪೂರ್ವದ ಕಂಡುಗಳಲ್ಲಿ ಒಳನುಗ್ಗುತ್ತದೆ, ಅಲ್ಲಿ ಶಾರ್ಕ್‌ಗಳು ಪ್ರವಾಹಕ್ಕೆ ಮುಖಮಾಡಿ ನಿಲ್ಲುತ್ತವೆ. ಅದೇ ಹೊತ್ತಿಗೆ ಒಳಗಿನ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು, ಪಶ್ಚಿಮದ ಬಾಗಿಲುಗಳಿಂದ ಹೊರಬೀಳುವುದರಿಂದ, ಅದನ್ನು ತಿನ್ನುವ ಮಂಟಾ, ಅಂದರೆ ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ದೈತ್ಯ ಬಂಧು, ಪಶ್ಚಿಮದ ಕಡೆಗೆ ಸೇರುತ್ತದೆ. ನೈಋತ್ಯ ಮಾರುತದಲ್ಲಿ ಇದೆಲ್ಲ ತಿರುವುಮುರುವು. ಹೀಗಾಗಿ ನೀವು ಕೇಳಬೇಕಾದ ಪ್ರಶ್ನೆ, ಈ ತಿಂಗಳಿನಲ್ಲಿ ನನ್ನ ರೆಸಾರ್ಟಿನ ಡೈವ್ ದೋಣಿ ಅಟಾಲ್‌ನ ಯಾವ ಮಗ್ಗುಲಿಗೆ ಎಷ್ಟು ನಿಮಿಷದಲ್ಲಿ ಮುಟ್ಟುತ್ತದೆ ಎಂಬುದು. ಆ ದೋಣಿಯನ್ನು ಅವರು ಧೋನಿ ಎನ್ನುತ್ತಾರೆ. ನಮ್ಮ ಮಾತನ್ನೇ ಅಷ್ಟು ದೂರದಲ್ಲಿ ಕೇಳಿದ ಹಾಗಾಗುತ್ತದೆ.

ಬಾ ಅಟಾಲ್‌ನ ಹನಿಫರು ಕೊಲ್ಲಿಯನ್ನು ಬಯಸುವವರು ಬಹಳ. ಯುನೆಸ್ಕೋ ಈ ಅಟಾಲನ್ನು 2011ರಲ್ಲಿ ಜೀವಗೋಳ ಮೀಸಲು ಎಂದು ಗುರುತಿಸಿದೆ. ಹೆಚ್ಚುಕಡಿಮೆ ಜೂನ್‌ನಿಂದ ನವೆಂಬರ್‌ವರೆಗೆ, ಅಂದರೆ ಏಜೆಂಟರು ಬೇಡವೆನ್ನುವ ತಿಂಗಳುಗಳಲ್ಲೇ, ಮಂಟಾಗಳು ಅಲ್ಲಿ ಗುಂಪುಗೂಡುತ್ತವೆ. ಕೊಲ್ಲಿಯೊಳಗೆ ಸಿಲಿಂಡರ್ ಹೊತ್ತು ಇಳಿಯುವ ಸ್ಕೂಬಾಕ್ಕೆ ಅನುಮತಿಯಿಲ್ಲ, ನಳಿಗೆಯಿಂದ ಉಸಿರಾಡುತ್ತಾ ಮೇಲ್ಮೈಯಲ್ಲಿ ಈಜುವ ಸ್ನಾರ್ಕೆಲ್ ಮಾತ್ರ. ಡೈವಿಂಗ್ ಬಾರದ ಸಂಗಾತಿ ಜೊತೆಗಿದ್ದರೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ ಎಂದು ನಾನು ನಂಬುತ್ತೇನೆ, ಏಕೆಂದರೆ ಅಲ್ಲಿ ಇಬ್ಬರೂ ಒಂದೇ ನೀರಿನಲ್ಲಿ ಒಂದೇ ದೃಶ್ಯ ನೋಡುತ್ತಾರೆ.

ಖರ್ಚಿನ ವಿಷಯ ಸಂಕ್ಷಿಪ್ತವಾಗಿ ಹೇಳುತ್ತೇನೆ. ಎಲ್ಲವೂ ಸೇರಿದ ಪ್ಯಾಕೇಜ್ ಎಂದಾಗಲೂ ಅದರಲ್ಲಿ ಡೈವಿಂಗ್ ಸೇರಿರುವುದು ಅಪರೂಪ. ಡೈವ್, ದೋಣಿ, ಬಾಡಿಗೆ ಸಲಕರಣೆ, ಇವುಗಳ ಮೇಲೆ ಸೇವಾ ಶುಲ್ಕ ಮತ್ತು ತೆರಿಗೆ, ಎಲ್ಲವನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೂಬಾ ಹೊರಗುಳಿದಿರುವುದೂ ಉಂಟು.

ಅಲ್ಲಿನ ಕಾನೂನು ಮನರಂಜನೆಯ ಡೈವಿಂಗ್‌ಗೆ 30 ಮೀಟರಿನ ಮಿತಿ ಹಾಕಿದೆ. ಓಪನ್ ವಾಟರ್ ಪ್ರಮಾಣಪತ್ರದ ಮಿತಿ 18 ಮೀಟರ್ ಮಾತ್ರ. ಕಂಡುಗಳಲ್ಲಿ ಪ್ರವಾಹ ಬಲವಾಗಿರುವುದರಿಂದ, ಹೊರಡುವ ಮುನ್ನ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ, ಬಿಸಿಡಿ ಎಂಬ ಗಾಳಿ ತುಂಬುವ ಡೈವಿಂಗ್ ಜಾಕೆಟ್ಟಿನ ಗಾಳಿಯನ್ನು ಮತ್ತೆ ಮತ್ತೆ ಮುಟ್ಟದೆ ಉಸಿರಿನಿಂದಲೇ ನೀರಿನಲ್ಲಿ ಸಮಸ್ಥಿತಿ ಕಾಯ್ದುಕೊಳ್ಳುವುದನ್ನು ರೂಢಿಸಿಕೊಳ್ಳಿ. ಅಲ್ಲಿ ತಲುಪಿದ ಮೇಲೆ ಮೊದಲ ಡೈವ್ ಹೌಸ್ ರೀಫ್‌ನಲ್ಲೇ ಪರೀಕ್ಷೆಗೆಂದು ಇರುತ್ತದೆ. ಅದನ್ನು ಅವಮಾನವೆಂದು ಭಾವಿಸಬೇಡಿ. ನಿಮ್ಮನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಗೈಡ್ ನಿರ್ಧರಿಸುವುದು ಆ ನಲವತ್ತು ನಿಮಿಷಗಳಲ್ಲಿ.

ನಾನು ಪಟ್ಟು ಹಿಡಿಯುವುದು ಕೊನೆಯ ದಿನದ ಬಗ್ಗೆ. ಒತ್ತಡದಲ್ಲಿ ದೇಹದ ಅಂಗಾಂಶಗಳೊಳಗೆ ಕರಗಿದ ಸಾರಜನಕ, ಮೇಲೆ ಬಂದ ಮೇಲೂ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತಿರುತ್ತದೆ. ಅಷ್ಟರಲ್ಲಿ ವಿಮಾನ ಏರಿದರೆ, ಕಡಿಮೆ ಒತ್ತಡದಲ್ಲಿ ಅದು ಗುಳ್ಳೆಯಾಗಿ ಕೀಲಿಗೋ ಬೆನ್ನುಹುರಿಗೋ ಅಪಾಯ ತರಬಹುದು. ಹಲವು ದಿನ ಡೈವ್ ಮಾಡಿದವರು ವಿಮಾನಕ್ಕೆ ಮುನ್ನ ಕನಿಷ್ಠ 18 ಗಂಟೆ ನೀರಿನಿಂದ ದೂರವಿರಬೇಕೆಂಬುದು ಒಪ್ಪಿತ ಮಾರ್ಗಸೂಚಿ. ದೂರದ ಅಟಾಲ್‌ಗಳಿಂದ ಮರಳುವಾಗ ಮೊದಲು ಹತ್ತುವುದು ಹೆಚ್ಚಾಗಿ ನೀರಿನ ಮೇಲೇ ಇಳಿದು ಏರುವ ಸೀಪ್ಲೇನ್ ಆದ್ದರಿಂದ ನಾನು ಗಂಟೆಗಳನ್ನು ಎಣಿಸುವುದು ಅದು ಹೊರಡುವ ಹೊತ್ತಿನಿಂದ ಹಿಂದಕ್ಕೆ, ಮಾಲೆಯ ವಿಮಾನದಿಂದಲ್ಲ. ಸೀಪ್ಲೇನ್‌ಗಳು ಹಗಲಿನಲ್ಲಷ್ಟೇ ಹಾರುತ್ತವೆ. ಬೆಂಗಳೂರಿನಿಂದ ಸಂಜೆ ಇಳಿದವರು ಆ ರಾತ್ರಿ ಮಾಲೆಯ ಬಳಿಯೇ ಉಳಿಯಬೇಕಾಗುತ್ತದೆ. ಹೀಗೆ ಎರಡೂ ತುದಿಯಲ್ಲಿ ಒಂದೊಂದು ದಿನ ಹೋದರೆ ಐದು ರಾತ್ರಿಯ ಪ್ರವಾಸದಲ್ಲಿ ಡೈವಿಂಗ್‌ಗೆ ಉಳಿಯುವುದು ಮೂರು ದಿನ. ಏಳು ರಾತ್ರಿಗೆ ಹಣ ಹೊಂದದಿದ್ದರೆ ಇನ್ನೂ ಅಗ್ಗದ ಕೋಣೆ ಹಿಡಿದು ಏಳು ರಾತ್ರಿಯನ್ನೇ ಉಳಿಸಿಕೊಳ್ಳಿ.

ಆ ದಂಪತಿ ಕೊನೆಗೆ ನೀರಿನ ಮೇಲಿನ ವಿಲ್ಲಾವನ್ನು ಬಿಟ್ಟು, ಬೇರೊಂದು ಪುಟ್ಟ ದ್ವೀಪದಲ್ಲಿ ತೆಂಗಿನ ಮರಗಳ ನಡುವಿನ ಕೋಣೆ ಹಿಡಿದರು. ಮರಳಿ ಬಂದ ಮೇಲೆ ಆಕೆ ತಮ್ಮ ಡೈವ್ ಲಾಗ್ ಪುಸ್ತಕ ತಂದು ತೋರಿಸಿದರು. ಹದಿನಾಲ್ಕು ಡೈವ್‌ಗಳಲ್ಲಿ ಒಂಬತ್ತರ ಮುಂದೆ ಸ್ಥಳದ ಹೆಸರಿನ ಜಾಗದಲ್ಲಿ ‘ಹೌಸ್ ರೀಫ್’ ಎಂದೇ ಬರೆದಿತ್ತು.